ನಲವತ್ತೊಂದನೆಯ ಸುತ್ತು

ಕಮಲಾಪುರ ದಾಟಿದಾಗಿನಿಂದ ಮಲ್ಲಿಕಾ ರಸ್ತೆ ಬದಿಯ ಕರೆಂಟಿನ ಕಂಬಗಳನ್ನು ಎಣಿಸುತ್ತಿದ್ದಳು. ಎಣಿಸಬೇಕೆಂದು ಕೂತದ್ದಲ್ಲ. ಈ ಹದಿನೆಂಟು ದಿನಗಳಿಂದ ಕಣ್ಣಿಗೆ ಬಿದ್ದದ್ದೆಲ್ಲ ತಾನಾಗಿ ಲೆಕ್ಕಕ್ಕೆ ಬಂದು ನಿಲ್ಲುತ್ತಿತ್ತು; ಬಡಿದ ರೊಟ್ಟಿ, ಏರಿದ ಮೆಟ್ಟಿಲು, ಅತ್ತೆ ಲಲಿತಾಬಾಯಿಯ ಬೆಳಗಿನ ಕೆಮ್ಮು ಕೂಡ. ಇಪ್ಪತ್ತಾರನೆಯ ಕಂಬದ ಹತ್ತಿರ ಕಂಡಕ್ಟರು ಬಂದು ನಿಂತ. ಅವಳು ಆಧಾರ್ ಕಾರ್ಡು ತೋರಿಸಿದಳು, ಅವನು ಸೊನ್ನೆ ರೂಪಾಯಿಯ ಚೀಟಿ ಹರಿದು ಕೊಟ್ಟ. "ಬಸ್ಸು ಪೂರಾ ನಿಮ್ಮ ಹೆಸರಿಗೇ ಬರದು ಕೊಟ್ಟಾರ ನೋಡ್ರಿ ಅಕ್ಕಾರ. ನಾವು ಗಂಡಸರು ಇನ್ನ ಟಪ್ಪಿನ ಮ್ಯಾಲ ಕೂಡೋದೇ," ಎಂದು ನಕ್ಕ. ಬೇರೆ ದಿನವಾಗಿದ್ದರೆ ತಿರುಗಿ ಏನಾದರೂ ಅಂದು ಅವನ ಬಾಯಿ ಮುಚ್ಚಿಸುತ್ತಿದ್ದಳು. ಇವತ್ತು, ತನ್ನದಲ್ಲದ ಏನನ್ನೋ ಎತ್ತಿಕೊಂಡು ಹೊರಟವಳ ಹಾಗೆ ಮುಖ ತಗ್ಗಿಸಿದಳು. ತೊಡೆಯ ಮೇಲೆ ಮಾವ ಅಣವೀರಪ್ಪ ಕೊಟ್ಟ ಕೈಚೀಲವಿತ್ತು, ಅದರ ತುಂಬ ಊರಿನ ಕೆಂಪು ಬಾಳೆಹಣ್ಣು. "ಸಾಹೇಬರಿಗಿ ಕೊಡವ್ವ. ಕೇಳಿದಷ್ಟಕ್ಕ ಹೇಳು, ಹೆಚ್ಚಿಂದು ಆಡಬ್ಯಾಡ. ಮಾಡ್ದಾಕಿ ಅನುಭವಿಸ್ತಾಳ, ನಮ್ಮ ಮನಿ ಹೆಸರು ಅದರಾಗ ಬರಬಾರದು," ಎಂದು ಬಾಗಿಲಲ್ಲಿ ನಿಂತು ಹೇಳಿದ್ದರು. ಅವಳು ಹೂಂ ಎಂದಿದ್ದಳು. ಆ ಹೂಂ ಬಾಯಿಂದ ಎಷ್ಟು ಸಲೀಸಾಗಿ ಬಂತು ಎಂಬುದು ಈಗ ನೆನಪಾಗಿ ಅವಳಿಗೆ ನಾಚಿಕೆಯಾಯಿತು. ಕಂಬಗಳ ಲೆಕ್ಕ ತಪ್ಪಿಹೋಗಿತ್ತು.

ಕಚೇರಿಯಿಂದ ಬಂದ ಕಾಗದ ರವಿಕೆಯೊಳಗೆ ಬೆವರಿಗೆ ಮೆತ್ತಗಾಗಿತ್ತು. ಹೆಂಗಸರಿಗೆ ಕಸಬು ಕಲಿಸುವ ಸರಕಾರದ ಯೋಜನೆಯಲ್ಲಿ ಕಮಲಾಪುರದ ಮೋಟಾರು ರಿಪೇರಿ ಶೆಡ್ಡಿಗೆ ಮೊದಲ ಕಂತು ಬಂದಿತ್ತು, ಎರಡನೆಯದು ಬರಬೇಕಿತ್ತು. ಅಷ್ಟರಲ್ಲಿ ಶೆಡ್ಡಿನಲ್ಲಿ ತಂತಿ ಸುತ್ತಿದ ಮೋಟಾರೊಂದು ಮೂರೇ ದಿನಕ್ಕೆ ಸುಟ್ಟುಹೋಯಿತೆಂದು ಊರವರು ಅರ್ಜಿ ಕೊಟ್ಟಿದ್ದರು. ಆ ಮೋಟಾರು ಯಾರ ಕೈಯದು ಎಂದು ಹೇಳಲು ಇಬ್ಬರೂ ಫಲಾನುಭವಿಗಳು ಹನ್ನೊಂದು ಗಂಟೆಗೆ ಬ್ರಹ್ಮಪುರದ ಕಚೇರಿಗೆ ಬರತಕ್ಕದ್ದು. ಫಲಾನುಭವಿಗಳು. ಮೊದಲ ಸಲ ಆ ಪದ ಓದಿದಾಗ ಅವಳೂ, ಜೊತೆಗೆ ಆಯ್ಕೆಯಾದ ಅದೇ ಊರಿನ ಯಶೋಧರಾಳೂ ಕಸಬು ಕಲಿಯಲು ಹಿಡಿದಿದ್ದ ಗಾಜಿಪುರದ ಬಾಡಿಗೆ ಕೋಣೆಯಲ್ಲಿ ಬಿದ್ದು ಬಿದ್ದು ನಕ್ಕಿದ್ದರು. "ಯಾವ ಹಣ್ಣವ್ವ, ನಾ ಇನ್ನೂ ಸಿಪ್ಪಿ ಸುದ್ದಾ ನೋಡಿಲ್ಲ," ಎಂದು ಯಶೋಧರಾ ಬೊಬ್ಬೆಯೆದ್ದ ಬೆರಳು ತೋರಿಸಿದ್ದಳು. ಮೂರು ತಿಂಗಳು ಇಬ್ಬರೂ ಒಂದೇ ತಾಟಿನಲ್ಲಿ ಉಂಡಿದ್ದರು. ಊರಿಗೆ ಬಂದು ಅಣವೀರಪ್ಪನ ಹಳೆಯ ದನದ ಕೊಟ್ಟಿಗೆಯಲ್ಲಿ ಶೆಡ್ಡು ಹಾಕಿದ ಮೇಲೆ ಯಶೋಧರಾಳ ಚಹಾದ ಗ್ಲಾಸು ಕಿಟಕಿಯ ಕಟ್ಟೆಯ ಮೇಲೆ ಬೇರೆಯಾಗಿ ಇರತೊಡಗಿತು. ಅದನ್ನು ಅಲ್ಲಿ ಇಟ್ಟವರು ಯಾರೆಂದು ಮಲ್ಲಿಕಾಗೆ ಗೊತ್ತಿತ್ತು, ಯಶೋಧರಾಳಿಗೂ ಗೊತ್ತಿತ್ತು. ಇಬ್ಬರೂ ಅದರ ಮಾತೆತ್ತಲಿಲ್ಲ.

ಕೊಳವೆಬಾವಿಯ ಮೋಟಾರಿನ ಹೊಟ್ಟೆಯಲ್ಲಿ ಸುತ್ತಲೂ ಉದ್ದುದ್ದ ಸೀಳುಗಳಿರುತ್ತವೆ. ಒಂದೊಂದು ಸೀಳಿಗೂ ತಂತಿಯನ್ನು ಕೈಯಿಂದಲೇ ತೂರಿಸಿ, ಎಳೆದು, ನಲವತ್ತೆಂಟು ಸುತ್ತು ಹಾಕಬೇಕು. ಎಣಿಸಿಕೊಡುವ ಯಂತ್ರವಿಲ್ಲ, ಬಾಯಿಯಲ್ಲೇ ಎಣಿಸಬೇಕು. ಕಲಿಸಿದ ನಬಿಸಾಬ್ ಉಸ್ತಾದರ ಅಂಗಡಿಯಲ್ಲಿ ಎಣಿಸುವವನನ್ನು ಯಾರೂ ಮಾತಾಡಿಸುವುದಿಲ್ಲ, ಸಲಾಂ ಕೂಡ ಹೇಳುವುದಿಲ್ಲ. ತಿಳಿಯದೆ ಮಾತಾಡಿಸಿದರೆ ಉತ್ತರವಾಗಿ ಬರುವುದು ಮುಂದಿನ ಸಂಖ್ಯೆ. ಮೊಮ್ಮಗ ಹುಟ್ಟಿದ ಸುದ್ದಿ ತಂದವರಿಗೆ ಉಸ್ತಾದರು "ಇಪ್ಪತ್ತೇಳು" ಎಂದಿದ್ದರಂತೆ. ಇಪ್ಪತ್ತೇಳನೆಯ ಮೊಮ್ಮಗನೇ ಎಂದು ಬಂದವರು ಗಾಬರಿಯಾದರಂತೆ. ಅಂಥ ಅಂಗಡಿಯಲ್ಲಿ ಎಣಿಕೆ ತಪ್ಪದ ಹುಡುಗಿ ಎಂದು ಹೆಸರು ಪಡೆದವಳು ಮಲ್ಲಿಕಾ. ಮೆಲ್ಲಗೆ, ಆದರೆ ಗಟ್ಟಿಯಾಗಿ ಎಣಿಸುತ್ತಿದ್ದಳು. ಆ ದಿನವೂ ಎಣಿಸುತ್ತಿದ್ದಳು. ಯಶೋಧರಾ ಹಿತ್ತಿಲಲ್ಲಿ ಮೋಟಾರಿನ ಮುಚ್ಚಳ ತೊಳೆಯುತ್ತಿದ್ದಳು. ಆಗ ಅಣವೀರಪ್ಪ ಬೀದರಿನಿಂದ ಬಂದ ಬೀಗರನ್ನು ಕರೆದುಕೊಂಡು ಶೆಡ್ಡಿನ ಬಾಗಿಲಿಗೆ ಬಂದರು. "ನಮ್ಮ ಸೊಸಿ ನೋಡ್ರಿ, ಗಂಡಸರಿಗಿ ಬರದ ಕೆಲಸ ಮಾಡ್ತಾಳ," ಎಂದರು. ಮಾವನ ದನಿಯಲ್ಲಿ ಹೆಮ್ಮೆಯಿತ್ತು, ಅದು ಸುಳ್ಳಲ್ಲ. ಮಾವನ ದನಿ ಕೇಳಿದ ಕಾಲು ತಾನಾಗಿ ಎದ್ದು ನಿಂತಿತು, ಕೈ ತಾನಾಗಿ ತಂತಿ ಬಿಟ್ಟು ಸೆರಗನ್ನು ತಲೆಯ ಮೇಲೆ ಎಳೆಯಿತು. ಎಂಟು ವರ್ಷ ಆ ಮನೆಯಲ್ಲಿ ಬಾಳಿದ ಮೈ, ಮೂರು ತಿಂಗಳ ಉಸ್ತಾದರ ಮಾತನ್ನು ಕೇಳಲಿಲ್ಲ. ಬೀಗರು ಮೋಟಾರನ್ನು ಬಗ್ಗಿ ನೋಡಿ, ಶಾಕ್ ಹೊಡೆಯುವುದಿಲ್ಲವೇ ಎಂದು ಕೇಳಿ, ನಕ್ಕು ಹೋದರು. ಅವಳು ಮತ್ತೆ ಕೂತಾಗ ಬಾಯಲ್ಲಿ ಯಾವ ಸಂಖ್ಯೆಯೂ ಇರಲಿಲ್ಲ. ಮೂವತ್ತಮೂರೋ, ಮೂವತ್ತೆಂಟೋ. ಲೆಕ್ಕ ತಪ್ಪಿದರೆ ಆ ಸೀಳಿನದ್ದನ್ನೆಲ್ಲ ಬಿಚ್ಚಿ ಮೊದಲಿನಿಂದ ಹಾಕಬೇಕು, ಅದಕ್ಕೆ ಬೇರೆ ದಾರಿಯೇ ಇಲ್ಲ. ಬಿಚ್ಚಲು ಅವಳು ತಂತಿಯ ತುದಿ ಹಿಡಿದೂ ಇದ್ದಳು. ಅಷ್ಟರಲ್ಲಿ ಒದ್ದೆ ಕೈ ಒರೆಸಿಕೊಳ್ಳುತ್ತ ಯಶೋಧರಾ ಬಂದಳು. "ಎಷ್ಟಾದ್ವು? ಏಳು, ನಾ ಮುಗಸ್ತೀನಿ." ಎಣಿಕೆ ತಪ್ಪಿತು ಎಂದು ಹೇಳಲು ಮಲ್ಲಿಕಾಗೆ ನಾಲಿಗೆ ಬರಲಿಲ್ಲ. ಎಣಿಕೆ ತಪ್ಪದ ಹುಡುಗಿ. "ನಲವತ್ತೊಂದು," ಎಂದಳು. ಯಶೋಧರಾ ಒಂದು ಕ್ಷಣ ಅವಳನ್ನು ನೋಡಿ, ಕೂತು, ನಲವತ್ತೆರಡರಿಂದ ಶುರುಮಾಡಿದಳು.

ಆ ಮೋಟಾರು ಬೇರೆಲ್ಲಿಯದೋ ಆಗಿದ್ದರೆ, ಯಾರದೋ ಹೊಲದ್ದಾಗಿದ್ದರೆ, ಇಷ್ಟು ಆಗುತ್ತಿರಲಿಲ್ಲವೇನೋ. ಅದು ಯಶೋಧರಾಳ ಓಣಿಯ ಕುಡಿಯುವ ನೀರಿನ ಮೋಟಾರು. ನೀರು ಬಿಡುವ ದತ್ತಪ್ಪ ದಿನಕ್ಕೆರಡು ಸಲ ಶೆಡ್ಡಿಗೆ ಬಂದು ಅವಸರ ಮಾಡುತ್ತಿದ್ದ. ಸುತ್ತು ಮುಗಿದ ಮೇಲೆ ಅದನ್ನು ಗಾಡಿಯಲ್ಲಿ ಒಯ್ದು, ಕೇಬಲ್ಲು ಕಟ್ಟಿ, ಬಾವಿಗೆ ಇಳಿಸಿ ಸ್ವಿಚ್ಚು ಒತ್ತಿದವಳು ಯಶೋಧರಾಳೇ. ನೀರು ಬಂದಾಗ ಓಣಿಯ ಹೆಂಗಸರು ಅವಳ ಕೆನ್ನೆ ಹಿಂಡಿದ್ದರು. ಮೂರನೆಯ ದಿನ ಮೋಟಾರು ಸುಟ್ಟ ವಾಸನೆ ಬಂದು ನಿಂತಿತು. ಬಿಚ್ಚಿ ನೋಡಿದ ದತ್ತಪ್ಪ, ಒಂದು ಸೀಳಿನಲ್ಲಿ ಸುತ್ತು ಕಡಿಮೆ ಬಿದ್ದಿವೆ ಎಂದ. ಯಾರು ಹಾಕಿದ್ದು ಎಂದು ಯಾರೂ ಕೇಳಲಿಲ್ಲ. ಇಳಿಸಿದವಳೇ ಹಾಕಿದವಳು ಎಂದಾಯಿತು. ಯಶೋಧರಾಳ ಅತ್ತೆ ಬಂಡೆಮ್ಮ, ಎಪ್ಪತ್ತರ ಹತ್ತಿರದ ಮುದುಕಿ, ಕೊಡ ಹೊತ್ತು ರಸ್ತೆ ದಾಟುವುದನ್ನು ಮಲ್ಲಿಕಾ ಶೆಡ್ಡಿನ ಬಾಗಿಲಿನಿಂದ ನೋಡಿದಳು. ಒಂದು, ಎರಡು, ಮೂರು, ನಾಲ್ಕು ಕೊಡ. ಮನೆಯಲ್ಲಿ ಅಣವೀರಪ್ಪ ಚಹಾ ಬಸಿಯಲ್ಲಿ ಹುಯ್ದುಕೊಳ್ಳುತ್ತ, "ಆ ಮಂದಿ ಕೈಗಿ ಅಂಥ ಬಾರೀಕ ಕೆಲಸ ಕೊಡಬಾರದಿತ್ತು," ಎಂದರು. ಬೈಗುಳದ ದನಿಯಲ್ಲಲ್ಲ, ಹವೆಯ ಮಾತಾಡುವ ದನಿಯಲ್ಲಿ. ಮಲ್ಲಿಕಾ ಆಗ ಹೇಳಬಹುದಿತ್ತು. ಬಾಯಿ ತೆರೆದರೆ ಸಾಕಿತ್ತು. ಆದರೆ ಜನ ಅದನ್ನು ಎಷ್ಟು ಬೇಗ ನಂಬಿಬಿಟ್ಟರೆಂದರೆ, ಅವಳು ಸುಳ್ಳು ಹೇಳುವ ಪ್ರಸಂಗವೇ ಬರಲಿಲ್ಲ. ಸುಮ್ಮನಿದ್ದದ್ದೇ ಆಯಿತು. ಯಶೋಧರಾ ಮೂರು ದಿನ ಶೆಡ್ಡಿಗೆ ಬರಲಿಲ್ಲ, ನಾಲ್ಕನೆಯ ದಿನ ಬಂದು ಏನೂ ಆಗದವಳಂತೆ ಕಸ ಹೊಡೆದಳು. ಅವಳು ಬೈದಿದ್ದರೆ ಚೆನ್ನಾಗಿತ್ತು.

ನಗರದ ಅಂಚಿನ ಹುಮನಾಬಾದ ರಿಂಗ್ ರೋಡಿನಲ್ಲಿ ಇಳಿದಾಗ ಇನ್ನೂ ಹತ್ತಾಗಿರಲಿಲ್ಲ. ಆಟೊದವನಿಗೆ ಬ್ರಹ್ಮಪುರ ಎನ್ನಬೇಕೆಂದಿದ್ದವಳ ಬಾಯಿಂದ ಗಾಜಿಪುರ ಎಂದು ಬಂತು. ಉಸ್ತಾದರ ಅಂಗಡಿ ಇದ್ದಲ್ಲೇ ಇತ್ತು. ಹೊರಗೆ ಸುಟ್ಟ ಮೋಟಾರುಗಳ ಸಾಲು, ಒಳಗೆ ವಾರ್ನಿಷಿನ ಘಾಟು. ನಬಿಸಾಬ್ ಕನ್ನಡಕ ಮೂಗಿನ ತುದಿಗಿಟ್ಟು ಸುತ್ತುತ್ತಿದ್ದರು. ಅವಳು ಹೊಸ್ತಿಲಲ್ಲಿ ನಿಂತು ಕಾದಳು. ಅಂಗಡಿಗೆ ಬಂದ ಒಬ್ಬ ರೈತನೂ ಕಾಯುತ್ತಿದ್ದ. ಒಬ್ಬ ಮುದುಕನ ಎಣಿಕೆ ಮುಗಿಯಲೆಂದು ಇಬ್ಬರು ಮನುಷ್ಯರು ಬಿಸಿಲಲ್ಲಿ ತುಟಿ ಬಿಗಿದು ನಿಂತದ್ದು ನೋಡಿ ಅವಳಿಗೆ ಇದ್ದಕ್ಕಿದ್ದಂತೆ ಅಳು ಬಂತು. ತನ್ನ ಎಣಿಕೆಗಾಗಿ ಯಾರೂ ಹೀಗೆ ನಿಲ್ಲಲಿಲ್ಲ. ತಾನೂ ನಿಲ್ಲಿರೆನ್ನಲಿಲ್ಲ. ಮುಗಿದ ಮೇಲೆ ಉಸ್ತಾದರು ತಂತಿಗೆ ಗಂಟು ಹಾಕಿ ತಲೆಯೆತ್ತಿದರು.

"ಬಾ ಬೇಟಿ. ನಿಮ್ಮ ಮೋಟಾರ್ ಸುಟ್ಟಿತಂತಲ್ಲ. ಯಾರ ಕೈ?"

"ಇಬ್ಬರದೂ ರೀ."

"ಒಂದು ತಪ್ಪಿನಾಗ ಇಬ್ಬರ ಕೈ ಇರಂಗಿಲ್ಲ," ಎಂದು ಅವರು ಕನ್ನಡಕ ಒರೆಸಿದರು. "ನಾ ಎಷ್ಟು ಸುಟ್ಟೀನಿ ಅನ್ನೋದಕ್ಕ ಗಿನತಿ ಇಲ್ಲ. ಯಾರೂ ಬಂದು, ಗಂಡಸರ ಕೈಗಿ ಈ ಕೆಲಸ ಆಗಂಗಿಲ್ಲ ಅನ್ಲಿಲ್ಲ. ನಿಮಗ ಮಾತ್ರ ಅಂತಾರ. ಅದಕ್ಕ ಹೇಳ್ತಿದ್ದೆ, ಅಂದಾಜು ಮಾಡಬ್ಯಾಡ್ರಿ, ಬಿಚ್ಚಿ ಹಾಕ್ರಿ ಅಂತ. ಹೇಳಿದ್ದೆನೋ ಇಲ್ಲೋ?"

"ಹೇಳಿದ್ರಿ," ಎಂದಳು. ಬಾಳೆಹಣ್ಣಿನ ಚೀಲವನ್ನು ಅವರ ಮೇಜಿನ ಮೇಲೆ ಇಟ್ಟು ಹೊರಟಳು. ಉಸ್ತಾದರು ಹಿಂದಿನಿಂದ ಏನೋ ಕೂಗಿದರು, ಅವಳು ತಿರುಗಲಿಲ್ಲ. ಕೋಟೆಯ ಕಡೆಯಿಂದ ಬಂದ ಆಟೊದಲ್ಲಿ ಕೂತಾಗ ತಲೆ ತಿಳಿಯಾಗಿತ್ತು. ಹೇಳಿಬಿಡುತ್ತೇನೆ. ಹೇಳಿದರೆ ಏನಾಗುತ್ತದೆ? ತನ್ನ ಹೆಸರು ಹೋಗುತ್ತದೆ, ಮಾವ ಬೈಯುತ್ತಾರೆ, ಹುಮನಾಬಾದ ಊರಲ್ಲಿದ್ದು ಔಷಧಿ ಅಂಗಡಿಯಲ್ಲಿ ದುಡಿಯುವ ಗಂಡ ಫೋನಿನಲ್ಲಿ ಅಪ್ಪನ ಮಾತನ್ನೇ ಇನ್ನೊಮ್ಮೆ ಹೇಳುತ್ತಾನೆ. ಆಗಲಿ. ಯಶೋಧರಾ ಶೆಡ್ಡಿನಲ್ಲಿ ಉಳಿಯುತ್ತಾಳೆ, ಬಂಡೆಮ್ಮ ಸೊಸೆಯನ್ನು ಮತ್ತೆ ಮುಖವೆತ್ತಿ ನೋಡುತ್ತಾಳೆ. ಯಶೋಧರಾ ತನ್ನ ಕೈ ಹಿಡಿದುಕೊಂಡು, ಹೋಗಲಿ ಬಿಡು ಹುಚ್ಚಿ, ಎನ್ನುವುದನ್ನು ಅವಳು ಆಟೊದಲ್ಲೇ ಕೇಳಿಸಿಕೊಂಡಳು. ಆ ದೃಶ್ಯದಲ್ಲಿ ತಾನು ಚೆನ್ನಾಗಿ ಕಾಣುತ್ತಿದ್ದೇನೆ ಎಂಬುದು ಅವಳ ಗಮನಕ್ಕೆ ಬರದೆ ಇರಲಿಲ್ಲ. ಅದನ್ನು ಪಕ್ಕಕ್ಕೆ ಸರಿಸಿದಳು.

ಕಚೇರಿ ಬ್ರಹ್ಮಪುರದ ಒಂದು ಮನೆಯ ಮಹಡಿಯಲ್ಲಿತ್ತು. ಕೆಳಗಿನ ಅಂಗಳದಲ್ಲಿ ಯಾರದೋ ಶಾವಿಗೆ ಒಣಗುತ್ತಿತ್ತು. ಹದಿನೇಳು ಮೆಟ್ಟಿಲು ಹತ್ತಿದರೆ ಬಾಗಿಲ ಹೊರಗೆ ಬೆಂಚು, ಬೆಂಚಿನ ತುದಿಯಲ್ಲಿ ಯಶೋಧರಾ. ಮೊದಲನೆಯ ಬಸ್ಸಿಗೇ ಬಂದಿರಬೇಕು, ಮುಖದ ಪೌಡರು ಬೆವರಲ್ಲಿ ಇಳಿದಿತ್ತು. ತರಬೇತಿ ಮುಗಿದ ದಿನ ಫೋಟೊಕ್ಕೆ ಉಟ್ಟಿದ್ದ ನೀಲಿ ಸೀರೆಯನ್ನೇ ಉಟ್ಟಿದ್ದಳು. ಮಲ್ಲಿಕಾ ಪಕ್ಕದಲ್ಲಿ ಕೂತಳು. ಇಬ್ಬರ ನಡುವೆ ಇನ್ನೊಬ್ಬರು ಕೂರುವಷ್ಟು ಜಾಗ ಉಳಿಯಿತು.

"ಉಂಡಿ?" ಎಂದು ಯಶೋಧರಾ ಕೇಳಿದಳು.

"ಹೂಂ. ನೀ?"

"ನಂದಾಗ್ಯಾದ. ಒಳಗೂ ಹೋಗಿ ಬಂದೆ." ಅವಳು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದಳು. "ಕೇಳಿಲ್ಲಿ. ಸಾಹೇಬರು ಏನ್ ಕೇಳಿದ್ರೂ, ನಾ ಅವತ್ತ ಆ ಕೆಲಸದಾಗ ಇರಲಿಲ್ರಿ, ನನಗ ಗೊತ್ತಿಲ್ರಿ ಅನ್ನು. ಅಷ್ಟೇ. ಮತ್ತೇನೂ ಹೇಳಬ್ಯಾಡ."

"ಯಾಕ?"

"ಯಾಕಂದ್ರ ಯಾಕ. ಅನ್ನು ಅಂದ್ರ ಅನ್ನು. ಹೊರಗ ಬಾ, ಆಮ್ಯಾಲ ಹೇಳ್ತೀನಿ."

ಆ ಮಾತು ಮಲ್ಲಿಕಾಳ ಎದೆಗೆ ಚುಚ್ಚಿತು. ಇವಳಿಗೆ ಗೊತ್ತಿದೆ, ಎಲ್ಲ ಗೊತ್ತಿದೆ, ಆದರೂ ತನಗೆ ಬಾಯಿ ಮುಚ್ಚಿಕೊಂಡಿರು ಎನ್ನುತ್ತಿದ್ದಾಳೆ. ಹದಿನೆಂಟು ದಿನ ಮುಚ್ಚಿಕೊಂಡವಳು ಇನ್ನೂ ಮುಚ್ಚಿಕೊಂಡೇ ಇರುತ್ತಾಳೆಂದು ನಂಬಿದ್ದಾಳೆ. ಇದು ಕರುಣೆಯೇ? ತಿರಸ್ಕಾರವೇ? ಯಾವುದಾದರೂ ತನಗೆ ಬೇಡ. ಅಟೆಂಡರ್ ಶಫಿ ಬಾಗಿಲು ತೆರೆದು ಅವಳ ಹೆಸರು ಕೂಗಿದಾಗ, ಯಶೋಧರಾ ಅವಳ ಸೆರಗಿನ ತುದಿ ಹಿಡಿದು ಒಮ್ಮೆ ಎಳೆದಳು. ಮಲ್ಲಿಕಾ ಬಿಡಿಸಿಕೊಂಡು ಒಳಗೆ ನಡೆದಳು.

ಫಕ್ರುದ್ದೀನ್ ಸಾಹೇಬರು ದಣಿದ ಮುಖದ, ಒಳ್ಳೆಯ ಮನುಷ್ಯ. ಕೂಡಮ್ಮ ಎಂದರು, ಫ್ಯಾನು ಅವಳ ಕಡೆ ತಿರುಗಿಸಿದರು. ಮಾತು ಶುರುಮಾಡಿದ್ದೂ ಅವರೇ. ಹೆಂಗಸರಿಗೆ ಹೊಲಿಗೆ ಯಂತ್ರ ಕೊಟ್ಟರೆ ಸಾಕು, ಮೋಟಾರು ಯಾಕೆ ಎಂದು ಮೇಲಿನವರು ಮೊದಲಿನಿಂದಲೂ ಹೇಳುತ್ತಿದ್ದರೆಂದೂ, ತಾವೇ ಹಟ ಹಿಡಿದು ಎರಡು ಶೆಡ್ಡಿಗೆ ಒಪ್ಪಿಸಿದರೆಂದೂ, ಇನ್ನೊಂದು ಶೆಡ್ಡು ಈಗಾಗಲೇ ಮುಚ್ಚಿದೆಯೆಂದೂ ಹೇಳಿದರು. "ಉಳದದ್ದು ನಿಮ್ದೊಂದೇ. ಹೆಚ್ಚಿಂದು ಏನಿಲ್ಲಮ್ಮ, ಒಂದೇ ಮಾತು ಬರಕೊಳ್ಳೋದದ. ಆ ಮೋಟಾರ್ ನೀವು ಸುತ್ತಿದ್ದಲ್ಲ, ಹೌದಿಲ್ಲೋ?" ಪೆನ್ನು ಆಗಲೇ ಕಾಗದದ ಮೇಲಿತ್ತು. ಅವಳು ಬರೀ ಹೂಂ ಎಂದಿದ್ದರೆ ಮುಗಿಯುತ್ತಿತ್ತು. ಹೊರಗೆ ಯಾರೋ ಕೆಮ್ಮಿದರು. ಆ ಹೂಂ ಗಂಟಲಿನವರೆಗೆ ಬಂದಿತ್ತು, ಬೆಳಿಗ್ಗೆ ಮಾವನ ಮುಂದೆ ಬಂದಷ್ಟೇ ಸಲೀಸಾಗಿ. ಅದರ ಸಲೀಸಿಗೇ ಅವಳಿಗೆ ಹೇಸಿಗೆಯಾಯಿತು.

"ನಂದೇ ರೀ," ಎಂದಳು. "ಎಣಿಕಿ ತಪ್ಪಿದ್ದು ನಂದು. ಅಂದಾಜಿನ ಮ್ಯಾಲ ನಲವತ್ತೊಂದು ಅಂದೆ. ಆಕಿ ನನ್ನ ಮಾತು ನಂಬಿ ಮುಗಿಸ್ಯಾಳ. ಆಕಿದೇನೂ ತಪ್ಪಿಲ್ರಿ."

ಸಾಹೇಬರು ಪೆನ್ನು ಕೆಳಗಿಟ್ಟರು. ಹೊಗಳುತ್ತಾರೆಂದು ಅವಳು ಕಾದಿದ್ದಳೇ? ಕಾದಿದ್ದಳು. ಅವರು ಫೈಲು ತೆರೆದು ಒಂದು ಹಾಳೆ ತೆಗೆದು ಮೇಜಿನ ಮೇಲೆ ಅವಳ ಕಡೆ ತಿರುಗಿಸಿ ಇಟ್ಟರು. ಯಶೋಧರಾಳ ದುಂಡು ಅಕ್ಷರ. ಆ ಮೋಟಾರನ್ನು ಮೊದಲಿನಿಂದ ಕೊನೆಯವರೆಗೆ ನಾನೊಬ್ಬಳೇ ಸುತ್ತಿದ್ದೇನೆ, ಮಲ್ಲಿಕಾ ಅವರು ಅದನ್ನು ಮುಟ್ಟಿರುವುದಿಲ್ಲ, ತಪ್ಪು ನನ್ನದು. ಕೆಳಗೆ ಸಹಿ, ಕಳೆದ ಸೋಮವಾರದ ತಾರೀಖು.

"ಒಬ್ಬರ ತಪ್ಪು ಅಂದ್ರ ಮತ್ತ ಹದಿನೈದು ದಿನ ಕಲಸ್ತೀವಿ, ಮುಗೀತದ. ಶೆಡ್ಡೂ ಉಳೀತದ, ಕಂತೂ ಬರ್ತದ. ಆಕಿಗಿ ನಾನೇ ಹೇಳಿದ್ದೆ ಇದನ್ನ," ಎಂದರು ಸಾಹೇಬರು. ದನಿಯಲ್ಲಿ ಸಿಟ್ಟಿರಲಿಲ್ಲ. "ಈಗ ಆಕಿ ತನ್ನದು ಅಂತಾಳ, ನೀವು ನಂದು ಅಂತೀರಿ. ಇಬ್ಬರಾಗ ಒಬ್ಬರು ಸರಕಾರಕ್ಕ ಸುಳ್ಳು ಹೇಳೀರಿ ಅಂತ ಆಯ್ತು. ಸುಳ್ಳು ಹೇಳಿಕಿ ಅಂದ್ರ ಫೈಲು ನನ್ನ ಕೈಯಾಗ ಇರಂಗಿಲ್ಲಮ್ಮ, ಮ್ಯಾಲ ಹೋಗ್ತದ. ಹೋದದ್ದು ಹೆಂಗ ಬರ್ತದ ಅನ್ನೋದು ನನಗ ಗೊತ್ತದ."

"ನಾ ಹೇಳಿದ್ದು ಬರಕೊಬ್ಯಾಡ್ರಿ ಹಂಗಾದ್ರ," ಎಂದಳು ಮಲ್ಲಿಕಾ. ತನ್ನ ದನಿ ತನಗೇ ಅಸಹ್ಯವಾಯಿತು.

ಸಾಹೇಬರು ಮೂಲೆಯ ಮೇಜಿನ ಕಡೆ ನೋಡಿದರು. ಅಲ್ಲಿ ಹೇಳಿಕೆ ಬರೆದುಕೊಳ್ಳಲು ಇನ್ನೊಂದು ಇಲಾಖೆಯಿಂದ ಬಂದ ಇಬ್ಬರು ಕೂತಿದ್ದರು. ಅವಳು ಒಳಗೆ ಬಂದಾಗ ಅವರನ್ನು ನೋಡಿಯೇ ಇರಲಿಲ್ಲ. ಒಬ್ಬ ಬರೆದುಕೊಂಡು ಮುಗಿಸಿ ಪೆನ್ನಿನ ಟೋಪಿ ಹಾಕುತ್ತಿದ್ದ. "ಎಲ್ಲಾರೂ ಕೇಳ್ಯಾರಲ್ಲಮ್ಮ," ಎಂದರು ಸಾಹೇಬರು. ಶೆಡ್ಡಿನ ಕೀಲಿಯನ್ನು ವಾರದೊಳಗೆ ತಂದು ಒಪ್ಪಿಸಬೇಕೆಂದು ಹೇಳುವಾಗ ಅವರು ಫೈಲನ್ನೇ ನೋಡುತ್ತಿದ್ದರು.

ಹೊರಗೆ ಯಶೋಧರಾ ಎದ್ದು ನಿಂತಿದ್ದಳು. ಮಲ್ಲಿಕಾಳ ಮುಖ ನೋಡಿದ್ದೇ ಅವಳಿಗೆ ತಿಳಿಯಿತು. ಏನೂ ಕೇಳದೆ ಮೆಟ್ಟಿಲಿಳಿದಳು, ಮಲ್ಲಿಕಾ ಹಿಂದೆ ಇಳಿದಳು. ಅಂಗಳದ ಶಾವಿಗೆಯನ್ನು ದಾಟಿ ಬೀದಿಗೆ ಬಂದ ಮೇಲೆ ಯಶೋಧರಾ ನಿಂತಳು.

"ನಿನ್ನ ಹೆಸರು ಬಂದ್ರ ನಿಮ್ಮ ಮಾವ ಕೊಟ್ಟಿಗಿಗಿ ಕೀಲಿ ಹಾಕ್ತಾರ ಅಂತ ನಾ ಬರದು ಕೊಟ್ಟಿದ್ದು," ಎಂದಳು. "ನಿನ್ನ ಮ್ಯಾಲಿನ ಪ್ರೀತಿಗಿ ಅಲ್ಲ. ನನಗ ಕೆಲಸ ಬೇಕಾಗಿತ್ತು."

"ನಿನಗ ಮೊದಲೇ ಗೊತ್ತಿತ್ತಾ?"

"ನಲವತ್ತೊಂದು ಅನ್ನೋವಾಗ ನಿನ್ನ ಮಾರಿ ನೋಡಿದ್ದೆನಲ್ಲ. ಬಿಚ್ಚು ಅಂತ ನಾನೂ ಅನ್ಲಿಲ್ಲ. ನಮ್ಮ ಓಣ್ಯಾಗ ನೀರಿಲ್ದೆ ಆರು ದಿನ ಆಗಿತ್ತು." ಅವಳು ಸೆರಗಿನಿಂದ ಕುತ್ತಿಗೆ ಒರೆಸಿಕೊಂಡಳು. "ಹದಿನೆಂಟು ದಿನ ಸುಮ್ಮನಿದ್ದಿ. ಇನ್ನೊಂದು ತಾಸು ಸುಮ್ಮನಿರಾಕ ಆಗ್ಲಿಲ್ಲ ನಿನಗ. ಬ್ಯಾಡ ಅಂತ ಬಾಯಿ ಬಿಟ್ಟು ಹೇಳಿದ್ದೆ."

"ನಿನ್ನ ಹೆಸರು ಕೆಡಬಾರದು ಅಂತ..." ಎಂದು ಮಲ್ಲಿಕಾ ಶುರುಮಾಡಿದಳು.

"ನನ್ನ ಹೆಸರು ಎಂದ ಚಲೋ ಇತ್ತು ಅವರ ಬಾಯಾಗ?" ಯಶೋಧರಾ ನಗಲು ನೋಡಿದಳು, ಆಗಲಿಲ್ಲ. ನಾಳೆಯಿಂದ ದತ್ತಪ್ಪನ ಅಣ್ಣ ಕಟ್ಟಿಸುತ್ತಿರುವ ಮನೆಗೆ ಕಲ್ಲು ಹೊರಲು ಹೋಗುತ್ತೇನೆ, ಅಲ್ಲಿ ಹೆಣ್ಣಾಳು ಬೇಕಂತೆ ಎಂದಳು. ತೆರೆದ ಅಂಗೈಯನ್ನು ಒಮ್ಮೆ ನೋಡಿಕೊಂಡಳು, ತಂತಿ ಎಳೆದು ಎಳೆದು ಗೆರೆಬಿದ್ದ ಬೆರಳುಗಳನ್ನು. ಆಮೇಲೆ, ರೋಗಿಯನ್ನು ವಿಚಾರಿಸುವವರ ಹಾಗೆ, ಸಿಟ್ಟಿಲ್ಲದೆ, ನಿಜವಾಗಿಯೂ ತಿಳಿದುಕೊಳ್ಳಬೇಕೆಂಬಂತೆ ಮಲ್ಲಿಕಾಳ ಮುಖಕ್ಕೆ ಮುಖ ಕೊಟ್ಟು ಕೇಳಿದಳು:

"ಮನಸ್ಸಾದ್ರೂ ಹಗುರಾತೇನ್ರಿ, ಮಲ್ಲಿಕಾಬಾಯಿ?"

ಉತ್ತರಕ್ಕೆ ಕಾಯದೆ ಬಸ್ ಸ್ಟ್ಯಾಂಡಿನ ಕಡೆ ನಡೆದಳು. ಮಲ್ಲಿಕಾ ಅಲ್ಲೇ ನಿಂತಳು. ಇಲ್ಲ ಎಂದು ಕೂಗಬೇಕೆನಿಸಿತು. ಕೂಗುವ ಮೊದಲು ಒಳಗೆ ತಡಕಿ ನೋಡಿದಳು. ಎದುರಿನ ಬಂಡಿಯಲ್ಲಿ ಯಾರೋ ಮಿರ್ಚಿ ಕರಿಯುತ್ತಿದ್ದರು, ಮಂಡಕ್ಕಿ ಸುಸಲಾದ ಒಗ್ಗರಣೆಯ ವಾಸನೆ ಬೀದಿ ತುಂಬಿತ್ತು. ನೀಲಿ ಸೀರೆ ಮಂದಿಯ ನಡುವೆ ಸಣ್ಣದಾಗುತ್ತ ಹೋಯಿತು. ಮನಸ್ಸು ಹಗುರಾಗಿತ್ತು. ಹದಿನೆಂಟು ದಿನದ ಮೇಲೆ ಮೊದಲ ಸಲ ಅವಳಿಗೆ ಹೊಟ್ಟೆ ತುಂಬ ಹಸಿವಾಗಿತ್ತು.